ಬೇರಿನ ನೀರು, ಚಿಗುರಿನ ನೀರು

ಬಾಟಲಿ ಅಕ್ಕ ಒಂದೊಂದು ಬಾಟಲಿಯನ್ನೂ ಆರು ಸಲ ತೊಳೆಯುತ್ತಿದ್ದಳು. ಮೊದಲು ಬಿಸಿನೀರು. ಆಮೇಲೆ ಸೋಪು, ಬ್ರಷ್ಷು. ಆಮೇಲೆ ನಲ್ಲಿನೀರು ಮೂರು ಸಲ. ಕೊನೆಗೆ ಭಟ್ಟಿ ಇಳಿಸಿದ ನೀರು ಒಂದು ಸಲ. ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡುವಳು. ಗಾಜಿನ ಒಳಗೆ ನೀರು ಹನಿ ಹನಿಯಾಗಿ ನಿಂತರೆ ಎಲ್ಲೋ ಜಿಡ್ಡಿದೆ ಎಂದು ಅರ್ಥ. ತೆಳ್ಳಗೆ ಪರದೆಯ ಹಾಗೆ ಜಾರಿದರೆ ಸರಿ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನಾನೂರು ಬಾಟಲಿ ಹೀಗೇ ತೊಳೆದವಳು. ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಬಾಗಿಲಿನ ಹಾಜರಿ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಗೊತ್ತೇ ಆಗುತ್ತಿರಲಿಲ್ಲ. ಅವಳೊಬ್ಬಳಿಗೆ ಮಾತ್ರ ಪುಸ್ತಕದಲ್ಲಿ ಸಹಿ.

ಅಂಥವಳನ್ನು ದೊಡ್ಡ ಮೇಡಂ ಒಂದು ಬೆಳಗ್ಗೆ ಕೇಳಿದರು. “ಅಕ್ಕ, ಬಾಟಲಿ ಸರಿಯಾಗಿ ತೊಳೀತಿದೀರಾ?”

ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

ಅದು ಗಿಡ ಮಾಡುವ ಲ್ಯಾಬು. ಹೂವಿನ ಗಿಡದ ಒಂದು ಚೂರು ಕತ್ತರಿಸಿ ಬಾಟಲಿಯಲ್ಲಿಟ್ಟು, ಒಂದನ್ನು ಸಾವಿರ ಮಾಡಿ ತೋಟದವರಿಗೆ ಕೊಡುವ ಜಾಗ. ಮಣ್ಣಿಲ್ಲ, ಬಿಸಿಲಿಲ್ಲ. ಬಾಟಲಿಯ ತಳದಲ್ಲಿ ಎರಡು ಬೆರಳೆತ್ತರ ಗಟ್ಟಿ ಪಾಕ. ಅದರಲ್ಲಿ ಸಕ್ಕರೆ, ನಾಲ್ಕಾರು ಬಗೆಯ ಉಪ್ಪು, ಹೆಪ್ಪುಗಟ್ಟುವ ಪುಡಿ. ಜೊತೆಗೆ ಎರಡು ಥರದ ನೀರು, ಹನಿಯಷ್ಟು. ಗಿಡದ ಹಣೆಬರಹ ಬರೆಯುವುದು ಆ ಎರಡು ಹನಿ. ಅವಕ್ಕೆ ಓದಿದವರು ಇಟ್ಟ ಉದ್ದುದ್ದ ಹೆಸರುಗಳಿದ್ದವು. ಲ್ಯಾಬಿನವರು ಕರೆಯುತ್ತಿದ್ದದ್ದು ಬೇರಿನ ನೀರು, ಚಿಗುರಿನ ನೀರು ಎಂದು.

ಪಾಕ ಮಾಡುವ ಕೋಣೆಗೆ ಎಲ್ಲರೂ ಅಡುಗೆಮನೆ ಎನ್ನುತ್ತಿದ್ದರು. ಅಲ್ಲಿದ್ದವನು ಅವಳ ಗಂಡ. ಲ್ಯಾಬಿಗೆಲ್ಲ ಅವನು ಅಡುಗೆಯವರು. ಮನೆಯಲ್ಲಿ ಅವನಿಗೆ ಒಂದು ಲೋಟ ನೀರು ಕಾಯಿಸಲು ಬರುತ್ತಿರಲಿಲ್ಲ. ಕಾವಲಿಗೆಂದು ಬಂದವನನ್ನು, ಕೈ ನಡುಗದು ಎಂದು ಒಳಗೆ ಸೇರಿಸಿಕೊಂಡರು. ಓದಿದ್ದು ಏಳನೇ ಕ್ಲಾಸು. ಅವಳು ಮೂರನೇ ಕ್ಲಾಸು. ಇಬ್ಬರದೂ ಸೇರಿಸಿದರೆ ಎಸ್ಸೆಸ್ಸೆಲ್ಸಿ ಆಯಿತಲ್ಲ ಎಂದು ಅವನು ನಗುತ್ತಿದ್ದ.

ಅವನು ಕಲಿತದ್ದನ್ನೆಲ್ಲ ಊಟದ ಹೊತ್ತಿಗೆ ಅವಳಿಗೆ ಒಪ್ಪಿಸುತ್ತಿದ್ದ.

“ಬೇರಿನ ನೀರು ಅಂದ್ರೆ ನೀನು. ಹಿಡಿದು ಕೂರಿಸ್ತೀಯ. ಚಿಗುರಿನ ನೀರು ಅಂದ್ರೆ ನನ್ನ ತಂಗಿ. ಕುಣೀತಾನೇ ಇರ್ತಾಳೆ. ನಿನ್ನ ಕೈ ಮೇಲಾದ್ರೆ ಬರೀ ಬೇರು. ಅವಳ ಕೈ ಮೇಲಾದ್ರೆ ಬರೀ ಚಿಗುರು. ಇಬ್ಬರೂ ಜೋರು ಮಾಡಿದ್ರೆ ಏನಾಗುತ್ತೆ ಹೇಳು?”

“ಏನಾಗುತ್ತೆ?”

“ಗಂಟು. ಅತ್ಲಾಗೆ ಬೇರೂ ಅಲ್ಲ, ಇತ್ಲಾಗೆ ಚಿಗುರೂ ಅಲ್ಲ. ಊದ್ಕೊಂಡು ಸುಮ್ನೆ ಕೂತಿರುತ್ತೆ.”

“ನೀವು ಯಾವ ನೀರು ಮತ್ತೆ?”

“ನಾನು ಸಕ್ಕರೆ.”

ಅವನ ತಂಗಿ ಅದೇ ಲ್ಯಾಬಿನಲ್ಲಿ ಗಿಡ ಕತ್ತರಿಸುವ ಮೇಜಿನಲ್ಲಿದ್ದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಬಾಯಿ ನಿಲ್ಲದ ಹೆಂಗಸು. ಅಣ್ಣನ ಈ ಮಾತು ಕೇಳಿ, “ನಿನ್ನ ಹೆಂಡತಿ ಬೇರು, ನಾನು ಬರೀ ಚಿಗುರಾ? ಚಿವುಟಿ ಎಸೆಯೋಕಾ?” ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಚಿವುಟುವ ಸಂಗತಿಯನ್ನೂ ಅವನೇ ಹೇಳಿದ್ದ. ಗಿಡದ ನೆತ್ತಿಯ ಚಿಗುರು ಇರುವವರೆಗೆ ಅಲ್ಲಿಂದ ಬೇರಿನ ನೀರು ಕೆಳಗೆ ಇಳಿಯುತ್ತಲೇ ಇರುತ್ತದೆ. ಪಕ್ಕದಲ್ಲಿ ಎಲೆ ಸಂದಿನ ಮೊಳಕೆಯ ಕಣ್ಣುಗಳು ಅಣ್ಣ ಇದ್ದಾನೆ ಎಂದು ಬಾಯಿ ಮುಚ್ಚಿಕೊಂಡಿರುತ್ತವೆ. ನೆತ್ತಿ ಚಿವುಟಿದರೆ ಆ ಹಿಡಿತ ಹೋಗುತ್ತದೆ. ಬೇರಿನಿಂದ ಮೇಲಕ್ಕೆ ಹತ್ತುವ ಚಿಗುರಿನ ನೀರಿನ ಕೈ ಮೇಲಾಗಿ ಕಣ್ಣುಗಳೆಲ್ಲ ಎದ್ದು ಬರುತ್ತವೆ. ಒಂದರ ಅಂಕೆಯಲ್ಲಿ ಇನ್ನೊಂದು. ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎನ್ನುತ್ತಿದ್ದ.

ಇನ್ನೊಂದು ಪಾಠ ಅವಳು ಪೆಟ್ಟು ತಿಂದೇ ಕಲಿತಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಶನಿವಾರ ಮಾಗಿದ ಹಣ್ಣಿನ ಚೀಲವನ್ನು ಗಿಡ ಬೆಳೆಸುವ ಕೋಣೆಯ ಮೂಲೆಯಲ್ಲಿಟ್ಟಳು. ತಂಪಾಗಿರುತ್ತದಲ್ಲ ಎಂದು. ಮನೆಗೆ ಹೋಗುವಾಗ ಮರೆತಳು. ಸೋಮವಾರ ನೋಡಿದರೆ ಇನ್ನೂರು ಬಾಟಲಿಯಲ್ಲಿ ಎಲೆ ಹಳದಿ. ಮುಟ್ಟಿದರೆ ಉದುರುತ್ತಿದ್ದವು. ಎಲೆಯಲ್ಲಿ ಬೇರಿನ ನೀರು ಊರುತ್ತಿರುವವರೆಗೆ ತೊಟ್ಟು ಹಿಡಿದುಕೊಂಡಿರುತ್ತದೆ. ಮಾಗಿದ ಹಣ್ಣು ಬಿಡುವ ಗಾಳಿ ತಗುಲಿದರೆ ಆ ಹಿಡಿತ ಸಡಿಲವಾಗುತ್ತದೆ. ಇದು ಅವಳಿಗೆ ಏನು ಗೊತ್ತು? ಆದರೂ ಅವತ್ತಿನಿಂದ ಲ್ಯಾಬಿನಲ್ಲಿ ಏನು ಕೆಟ್ಟರೂ ಎಲ್ಲರ ಕಣ್ಣು ಮೊದಲು ಅವಳ ಕಡೆಗೆ. ಅವಳ ಕಣ್ಣೂ ಅವಳ ಕಡೆಗೇ.

ಗಂಡ ಸತ್ತದ್ದು ಬೆಳಗ್ಗೆ ಹತ್ತು ಗಂಟೆಗೆ, ಸಕ್ಕರೆ ತೂಗುವಾಗ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಅವಳು ನಲ್ಲಿಯ ಹತ್ತಿರದಿಂದಲೇ ಕೂಗಿದಳು. “ಏನ್ರೀ, ಪಾತ್ರೆ ಮೇಲೇನು ಸಿಟ್ಟು?” ಉತ್ತರ ಬರಲಿಲ್ಲ. ಇನ್ನೂ ನಾಲ್ಕು ಬಾಟಲಿ ತೊಳೆದಳು. ಆಮೇಲೆ ಹೋದಳು. ಡಾಕ್ಟರು ಬಿದ್ದಾಗಲೇ ಹೋಗಿದೆ ಅಂದರು. ಅಂದರೂ ಆ ನಾಲ್ಕು ಬಾಟಲಿ ಅವಳ ತಲೆಯಿಂದ ಇಳಿಯಲಿಲ್ಲ.

ಹದಿಮೂರನೆಯ ದಿನ ಕೆಲಸಕ್ಕೆ ಬಂದಳು. ಮನೆಯಲ್ಲಿ ಏನು ಮಾಡಬೇಕು?

ಅವನು ಬಿಟ್ಟುಹೋದದ್ದು ಎರಡು. ಒಂದು ನೋಟುಬುಕ್ಕು, ಪಾಕದ ಅಳತೆ ಬರೆದದ್ದು. ಇನ್ನೊಂದು ಕೆಂಡ.

ಕೆಂಡ ಒಂದು ಜರ್ಬೆರಾ ಹೂವು. ಹೊರಗೆ ಬೂದಿಯ ಬಣ್ಣ, ಒಳಗೆ ಕಿತ್ತಳೆ ಕೆಂಪು. ಊದಿದರೆ ಹೊತ್ತಿಕೊಂಡೀತು ಎನ್ನುವ ಹಾಗಿತ್ತು. ಯಾರದೋ ಹಳೆಯ ತೋಟದಲ್ಲಿ ಬುಡ ಕೊಳೆತು ಸಾಯುತ್ತಿದ್ದ ಒಂದೇ ಗಿಡ. ದೊಡ್ಡ ಮೇಡಂ ತಂದುಕೊಟ್ಟಿದ್ದರು. ಎಲ್ಲರೂ ಕೈಚೆಲ್ಲಿದ ಮೇಲೆ ಅವನು ಒಂದು ವರ್ಷ ಪಾಕ ಬದಲಿಸಿ ಬದಲಿಸಿ ಒಂದು ಮೊಗ್ಗಿನಿಂದ ಅದನ್ನು ಎಬ್ಬಿಸಿದ. ಆರು ವರ್ಷ ಸಾಕಿದ. ಹೊರಗೆ ನೆಟ್ಟ ತಾಯಿಗಿಡಗಳೆಲ್ಲ ಅದೇ ಕೊಳೆ ರೋಗಕ್ಕೆ ಹೋದವು. ಅವನು ಸತ್ತಾಗ ಲೋಕದಲ್ಲಿ ಕೆಂಡ ಅಂತ ಉಳಿದದ್ದು ಅರವತ್ತು ಬಾಟಲಿ ಮಾತ್ರ.

ಅವನ ಜಾಗಕ್ಕೆ ಒಬ್ಬ ಹುಡುಗಿ ಬಂದಳು. ಕಾಲೇಜಿನಲ್ಲಿ ಇದನ್ನೇ ಓದಿದವಳು. ಕತ್ತರಿಸುವ ಮೇಜಿನವರು ಒಂದೇ ದಿನದಲ್ಲಿ ಅವಳಿಗೆ ಡಿಗ್ರಿ ಎಂದು ಹೆಸರಿಟ್ಟರು. ಅವಳಿಗೆ ಬೇಜಾರಿರಲಿಲ್ಲ, ಕರೆದರೆ ಓ ಎನ್ನುತ್ತಿದ್ದಳು.

“ಆಂಟಿ, ಈ ಬಾಟಲಿ ಎಲ್ಲ ನೀವೊಬ್ರೇ ತೊಳೀತೀರಾ?”

“ಆಂಟಿ ಗೀಂಟಿ ಬೇಡ. ಅಕ್ಕ ಅನ್ನು.”

“ನಮ್ಮಮ್ಮನಿಗಿಂತ ದೊಡ್ಡೋರು ನೀವು.”

“ನಿಮ್ಮಮ್ಮನೂ ಬಂದು ಅಕ್ಕ ಅನ್ನಲಿ.”

ಒಳ್ಳೆಯ ಹುಡುಗಿ. ಕೆಲಸದಲ್ಲಿ ಚೊಕ್ಕ. ನೋಟುಬುಕ್ಕು ತೆಗೆದು, ಅವನ ಕೋಳಿ ಕಾಲಿನ ಅಕ್ಷರವನ್ನು ಅಕ್ಕನ ಹತ್ತಿರ ಓದಿಸಿಕೊಂಡು, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ ಎನ್ನುವ ಹಾಗೆ ಕೆಂಡದ ಪಾಕ ಮಾಡಿದಳು. ನಾದಿನಿ ಕೆಂಡವನ್ನು ಕತ್ತರಿಸಿ ಹೊಸ ಪಾಕಕ್ಕೆ ಇಳಿಸಿದಳು.

ಚಿಗುರು ಬರಲಿಲ್ಲ. ಬುಡ ಊದಿತು. ಮಾಸಲು ಹಳದಿ ಗಂಟು, ಅದರಿಂದ ನಾಲ್ಕು ಬಿಳಿ ಬೇರು. ಅಷ್ಟೇ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಗಂಟುಗಳು ಕಪ್ಪಗಾಗತೊಡಗಿದವು. ಬೇರೆ ಹೂವಿನ ಗಿಡಗಳೆಲ್ಲ ಚೆನ್ನಾಗಿದ್ದವು. ಕೆಂಡ ಮಾತ್ರ ದಿನಾ ಸಾಯುತ್ತಿತ್ತು.

ಸತ್ತ ಬಾಟಲಿಯನ್ನು ಕುಕ್ಕರಿನಲ್ಲಿ ಬೇಯಿಸಿ ತೊಳೆಯಲು ಕೊಡುವುದು ಲ್ಯಾಬಿನ ಪದ್ಧತಿ. ಕುಕ್ಕರು ಎಂದರೆ ಆಳೆತ್ತರದ ಉಗಿ ಯಂತ್ರ. ಹಾಗೆ ಕೆಂಡದ ಒಂದೊಂದು ಬಾಟಲಿಯೂ ಕೊನೆಗೆ ಅವಳ ಕೈಗೇ ಬರುತ್ತಿತ್ತು. ಬೆಂದು ಮೆತ್ತಗಾದ ಗಂಟನ್ನು ಬೆರಳು ಹಾಕಿ ತೆಗೆದು ಬಕೆಟ್ಟಿಗೆ ಹಾಕುವಳು. ಆರು ಸಲ ತೊಳೆಯುವಳು. ಐದು ತಿಂಗಳಲ್ಲಿ ಹಾಗೆ ಐವತ್ತೊಂದು ಬಾಟಲಿ ತೊಳೆದಳು.

“ಅಣ್ಣ ಇದ್ದಿದ್ರೆ ಹೀಗಾಗ್ತಿತ್ತಾ?” ಎಂದಳು ನಾದಿನಿ ಊಟದ ಕೋಣೆಯಲ್ಲಿ. “ಅದೇ ನೋಟುಬುಕ್ಕು, ಅದೇ ಅಳತೆ. ಡಿಗ್ರಿ ಅಳತೆ ಮಾಡೋದು ನಾನೇ ನೋಡಿದೀನಿ, ಸರಿಯಾಗೇ ಮಾಡ್ತಾಳೆ. ಇನ್ನೇನು ಉಳೀತು? ಬಾಟಲಿ ಉಳೀತು.”

“ಬಾಟಲಿಗೇನಾಗಿದೆ?”

“ನನಗೇನು ಗೊತ್ತು ಅತ್ತಿಗೆ. ಅಣ್ಣ ಹೋದ ಮೇಲೆ ನಿಮ್ಮ ಮನಸ್ಸು ಒಂದು ಕಡೆ ನಿಲ್ತಿಲ್ಲ. ಸೋಪು ಉಳಿದ್ರೆ ನಿಮಗೆ ಗೊತ್ತಾಗುತ್ತಾ?”

ದೊಡ್ಡ ಮೇಡಂ ಬಂದು ಕೇಳಿದ್ದು ಅದರ ಮಾರನೆಯ ಬೆಳಗ್ಗೆ.

“ಬೇರೆ ಗಿಡ ಎಲ್ಲ ಚೆನ್ನಾಗಿದೆಯಲ್ಲ ಮೇಡಂ?” ಎಂದಳು ಅವಳು ಕೊನೆಗೆ.

“ಬೇರೇವು ಗಟ್ಟಿ ಜಾತಿ. ಕೆಂಡ ಸೂಕ್ಷ್ಮ. ಚೂರು ಸೋಪೂ ತಡೆಯಲ್ಲ.”

ಆರು ಸಲದ ಜಾಗದಲ್ಲಿ ಒಂಬತ್ತು ಸಲ ತೊಳೆದಳು. ಬೆರಳ ಸಂದು ಬಿರಿಯಿತು. ಬಾಟಲಿಯಲ್ಲಿ ನೀರು ಪರದೆಯ ಹಾಗೇ ಜಾರುತ್ತಿತ್ತು. ಆದರೂ ಕೆಂಡ ಗಂಟಾಗೇ ಉಳಿಯಿತು. ಹಣ್ಣಿಟ್ಟು ಎಲೆ ಉದುರಿಸಿದವಳು, ಪಾತ್ರೆ ಬಿದ್ದರೂ ಬಾಟಲಿ ತೊಳೆಯುತ್ತ ನಿಂತವಳು. ಇದೂ ತನ್ನ ಕೈಯದೇ ಎಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿಯಾಯಿತು.

ಮಿಕ್ಕ ಕಾಲು ಪಾಲು ಬೇರೆ ಇತ್ತು. ಅದನ್ನು ಅವಳು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ದೊಡ್ಡ ಮೇಡಂ ಕೈಬರಹ. ‘ಕೆಂಡದ ಬೇರಿನ ನೀರು ಫ್ರಿಜ್ಜಿನಲ್ಲಿ, ಕತ್ತಲಲ್ಲಿ ಇಡಬೇಕು. ಬೇಯಿಸಬಾರದು.’ ಮಿಕ್ಕ ಗಿಡಗಳಿಗೆ ಹಾಕುವ ಬೇರಿನ ನೀರು ಬೇರೆ ಜಾತಿಯದು, ಬೇಯಿಸಿದರೂ ಜಗ್ಗುವುದಿಲ್ಲ. ಕೆಂಡದ್ದು ನಾಜೂಕು. ಪಾಕವನ್ನು ಮೊದಲು ಬೇಯಿಸಿಕೊಂಡು, ಆಮೇಲೆ ಈ ನೀರನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಗಾಳಿ ತಾಗದ ಹಾಗೆ ಸೇರಿಸಬೇಕು. ತಾಳ್ಮೆಯ ಕೆಲಸ.

ಅವಳ ಗಂಡ ಆ ಕಾಗದದ ಮೇಲೆ ತನ್ನ ಏಪ್ರನ್ ನೇತುಹಾಕುತ್ತಿದ್ದ.

ಬೇರಿನ ನೀರಿನ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದ. ಅವನ ಕಣ್ಣು ಮಂಜಾಗಿತ್ತು, ಫ್ರಿಜ್ಜಿನೊಳಗೆ ತಡಕಾಡುವುದು ಆಗುತ್ತಿರಲಿಲ್ಲ. ಸೋಸುವ ಜಾಲರಿಯ ಗೋಜಿಗೂ ಹೋಗುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸಿಬಿಡುತ್ತಿದ್ದ. “ಮೇಡಂಗೆ ಹೇಳ್ಬೇಡ ಮಾರಾಯ್ತಿ. ಕಣ್ಣು ಹೋಗಿದೆ ಅಂತ ಗೊತ್ತಾದ್ರೆ ಮತ್ತೆ ಗೇಟಿಗೆ ಕಳಿಸ್ತಾರೆ,” ಎಂದಿದ್ದ. ಅವಳು ಹೇಳಿರಲಿಲ್ಲ.

ಡಿಗ್ರಿ ಬಂದ ಮೊದಲ ವಾರವೇ ಅವಳಿಗೆ ವ್ಯತ್ಯಾಸ ಕಂಡಿತ್ತು. ಹುಡುಗಿ ಕಾಗದದಲ್ಲಿದ್ದ ಹಾಗೆ ಮಾಡುತ್ತಿದ್ದಳು. ಸರಿಯಾಗಿ ಮಾಡುವವಳಿಗೆ ಹೇಳುವುದೇನು? ನಮ್ಮನೆಯವರು ತಪ್ಪು ಮಾಡುತ್ತಿದ್ದರು, ನೀನೂ ಹಾಗೇ ಮಾಡು ಎಂದು ಹೇಳುವುದೇ? ಸತ್ತವನ ಹೆಸರು ಲ್ಯಾಬಿನಲ್ಲಿ ಇನ್ನೂ ಚೆನ್ನಾಗಿತ್ತು. ಅವಳಿಗೆ ಉಳಿದದ್ದೂ ಅದೊಂದೇ. ಬಾಯಿಗೆ ಬೀಗ ಹಾಕಿಕೊಂಡಳು. ಐದು ತಿಂಗಳು.

ಒಂದು ಬುಧವಾರ ದೊಡ್ಡ ಮೇಡಂ ಬೆಳೆಸುವ ಕೋಣೆಗೆ ಬಂದರು. ಕೆಂಡದ ಕಪಾಟಿನಲ್ಲಿ ಒಂಬತ್ತು ಬಾಟಲಿ ಉಳಿದಿದ್ದವು.

“ಸಾಕು ಕಣಮ್ಮ,” ಎಂದರು ಡಿಗ್ರಿಗೆ. “ಶುಕ್ರವಾರ ಇವನ್ನೂ ಕುಕ್ಕರಿಗೆ ಹಾಕು. ಜಾಗ ಬೇಕು. ನೋಡಿ ನೋಡಿ ನಂಗೂ ಹೊಟ್ಟೆ ಉರೀತದೆ.”

ಅಕ್ಕ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದಳು. ಶುಕ್ರವಾರ ಕುಕ್ಕರು, ಶನಿವಾರ ತನ್ನ ತೊಟ್ಟಿ. ಐವತ್ತೊಂದು ತೊಳೆದಿದ್ದಾಯಿತು. ಇನ್ನು ಒಂಬತ್ತು ತೊಳೆದರೆ ಆ ಹೂವು ಇತ್ತು ಎನ್ನುವುದಕ್ಕೂ ಗುರುತಿಲ್ಲ.

ಟ್ರೇ ಇಳಿಸಿ ಸೀದಾ ಅಡುಗೆಮನೆಗೆ ಹೋದಳು. ಡಿಗ್ರಿ ಮುಖ ಊದಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು.

“ಏ ಹುಡುಗಿ. ಒಂದು ಕೇಳ್ತೀನಿ. ಈ ಬೇರಿನ ನೀರು ಬೇಯಿಸಿದ್ರೆ ಏನಾಗುತ್ತೆ?”

“ಶಕ್ತಿ ಹೋಗುತ್ತೆ ಅಕ್ಕ. ಪೂರ್ತಿ ಅಲ್ಲ, ಒಂದಷ್ಟು.”

“ಬಿಸಿಲಲ್ಲಿ ಇಟ್ರೆ?”

“ಬೆಳಕು ಬಿದ್ರೆ ಇನ್ನೂ ಜಾಸ್ತಿ ಹೋಗುತ್ತೆ. ಅದಕ್ಕೇ ನಾನು ಬೆಳ್ಳಿ ಕಾಗದ ಸುತ್ತಿ ಇಡೋದು. ಯಾಕೆ?”

ಅಕ್ಕ ಗೋಡೆಯ ಮೇಲಿನ ಕಾಗದ ನೋಡಿದಳು.

“ಅವರು ಹಾಗೆ ಇಡ್ತಿರಲಿಲ್ಲ.”

“ಮತ್ತೆ?”

“ಅಗೋ ಅಲ್ಲಿ. ಕಿಟಕಿ ಹತ್ರ. ಬಾಟಲಿ ಮುಗಿಯೋವರೆಗೂ ಅಲ್ಲೇ. ಎರಡು ತಿಂಗಳೋ ಮೂರು ತಿಂಗಳೋ. ನೀನು ಸೋಸ್ತೀಯಲ್ಲ, ಹಾಗೆ ಸೋಸ್ತಾನೂ ಇರಲಿಲ್ಲ. ಎಲ್ಲ ಒಟ್ಟಿಗೆ ಸುರಿದು ಬೇಯಿಸೋರು.”

ಡಿಗ್ರಿ ಎದ್ದು ನೋಟುಬುಕ್ಕು ತೆಗೆದು ಕೆಂಡದ ಪುಟಕ್ಕೆ ಹೋದಳು. ಆ ಪುಟವನ್ನು ಇಷ್ಟು ದಿನ ಎಷ್ಟು ಸಲ ನೋಡಿದ್ದಳೋ.

“ಬೇರಿನ ನೀರು ಎರಡು ಅಂತ ಬರ್ದಿದಾರೆ. ನಾನೂ ಎರಡು ಹಾಕ್ದೆ. ಹೊಸ ಬಾಟಲಿಯ ಎರಡು. ಅಯ್ಯೋ ದೇವರೇ.”

“ಬಿಡಿಸಿ ಹೇಳು.”

“ಅಕ್ಕ, ಅವರ ಬಾಟಲಿಯಲ್ಲಿ ಶಕ್ತಿ ಸೋರಿ ಸೋರಿ ನೀರಾಗಿತ್ತು. ಅಂಥದ್ದನ್ನ ಮತ್ತೆ ಬೇಯಿಸ್ತಿದ್ರು. ಅದರಲ್ಲಿ ಅವರ ಎರಡು ಅಂದ್ರೆ ನಂದು ಕಾಲೋ, ಅದಕ್ಕಿಂತ ಕಡಿಮೆಯೋ. ನಾನು ಎರಡಕ್ಕೆ ಎರಡೂ ಗಟ್ಟಿದು ಸುರ್ದಿದೀನಿ. ಚಿಗುರಿನ ನೀರು ಅಷ್ಟೇ ಇದೆ, ಬೇರಿನ ನೀರು ಎಷ್ಟೋ ಪಾಲು ಜಾಸ್ತಿ. ಗಂಟಾಗದೆ ಇನ್ನೇನಾಗುತ್ತೆ?”

“ಹಾಗಾದ್ರೆ ಸೋಪು?”

“ಸೋಪೂ ಇಲ್ಲ, ಗೀಪೂ ಇಲ್ಲ ಅನ್ಸುತ್ತೆ. ಆದ್ರೆ ಗಿಡ ಎದ್ದು ಬಂದ್ರೆ ತಾನೇ ಹೇಳೋಕಾಗೋದು? ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

“ಹೇಳ್ಲಿಲ್ಲ,” ಎಂದಳು ಅಕ್ಕ.

ದೊಡ್ಡ ಮೇಡಂ ಹತ್ತಿರ ಆರು ವಾರ ಗಡುವು ಕೇಳಬೇಕಿತ್ತು. ಅವರು ಕತ್ತರಿಸುವ ಕೋಣೆಯಲ್ಲಿದ್ದರು. ನಾದಿನಿಯೂ ಅಲ್ಲೇ. ಡಿಗ್ರಿ ಅಳತೆ ಬದಲಿಸಿ ನೋಡುತ್ತೇನೆ ಎಂದಳು. ಯಾಕೆ, ಯಾರು ಹೇಳಿದರು ಎಂದು ಮೇಡಂ ಕೇಳಿದರು. ಹುಡುಗಿ ತಡವರಿಸಿದಳು. ಅವಳು ಒಳ್ಳೆಯವಳು, ಹೆಸರು ಹೇಳುತ್ತಿರಲಿಲ್ಲ.

“ನಾನು ಹೇಳ್ದೆ,” ಎಂದಳು ಅಕ್ಕ. “ನಮ್ಮನೆಯವರು ನಿಮ್ಮ ಕಾಗದದಲ್ಲಿ ಇದ್ದಂಗೆ ಮಾಡ್ತಿರಲಿಲ್ಲ ಮೇಡಂ. ಬಿಸಿಲಲ್ಲಿಟ್ಟು ಬೇಯಿಸೋರು. ನಂಗೆ ಗೊತ್ತಿತ್ತು.”

ನಾದಿನಿಯ ಕೈಯಲ್ಲಿದ್ದ ಇಕ್ಕುಳ ಟಣ್ಣೆಂದು ಬಿತ್ತು.

“ಅತ್ತಿಗೆ! ಸತ್ತೋನ ತಲೆಗೆ ಕಟ್ತೀರಾ? ನಿಮ್ಮ ಬಾಟಲಿ ಉಳಿಸ್ಕೊಳ್ಳೋಕೆ ನನ್ನಣ್ಣನ್ನ ತಪ್ಪು ಮಾಡಿದೋನು ಅಂತೀರಾ?”

“ಮಾಡ್ತಿದ್ರು ಕಣೇ. ಕಣ್ಣು ಕಾಣ್ತಿರಲಿಲ್ಲ. ನಿಂಗೂ ಹೇಳಿರಲಿಲ್ಲ.”

“ಆರು ವರ್ಷ ಆ ಗಿಡ ಬದುಕ್ತಲ್ಲ! ತಪ್ಪು ಮಾಡಿದ್ರೆ ಬದುಕ್ತಿತ್ತಾ?”

“ಅದನ್ನೇ ಹೇಳ್ತಿರೋದು. ಅವರ ತಪ್ಪಿಗೆ ಅವರದೇ ಅಳತೆ ಕೂಡ್ಕೊಂಡಿತ್ತು.”

ನಾದಿನಿ ಮುಖಕ್ಕೆ ಕಟ್ಟಿದ ಬಟ್ಟೆ ಕಿತ್ತುಹಾಕಿ ಹೊರಗೆ ಹೋದಳು. ಮೇಡಂ ಬಿದ್ದ ಇಕ್ಕುಳ ಎತ್ತಿ ಮೇಜಿನ ಮೇಲಿಟ್ಟರು. “ಆರು ವಾರ,” ಎಂದರು. “ಒಂದು ದಿನ ಜಾಸ್ತಿ ಇಲ್ಲ.”

ಡಿಗ್ರಿ ಒಂಬತ್ತು ಗಂಟುಗಳನ್ನು ಬಿಡಿಸಿ ನೋಡಿದಳು. ಕೆಲವಕ್ಕೆ ಒಳಗೆ ಹಳೆಯ ಬುಡದ ಒಂದು ಚೂರು ಇನ್ನೂ ಗಟ್ಟಿಯಾಗಿತ್ತು. ಬೇರಿನ ನೀರನ್ನು ಮೂರು ಬಾಟಲಿಗೆ ಮೊದಲಿನದರ ಅರ್ಧ ಹಾಕಿದಳು. ಮೂರಕ್ಕೆ ಕಾಲು. ಮೂರಕ್ಕೆ ಹತ್ತರಲ್ಲಿ ಒಂದು. ಚಿಗುರಿನ ನೀರು ಎಲ್ಲಕ್ಕೂ ಮೊದಲಿನಷ್ಟೇ. ನಾದಿನಿ ರಜೆ ಹಾಕಿದ್ದಳು, ಆದ್ದರಿಂದ ಹುಡುಗಿಯೇ ಕತ್ತರಿಸಿದಳು. ಹೊಸ ಪಾಕದ ಆ ಒಂಬತ್ತು ಬಾಟಲಿಗಳನ್ನು ಅಕ್ಕ ಹಿಂದಿನ ದಿನ ಆರೇ ಸಲ ತೊಳೆದಿದ್ದಳು. ಏಳನೆಯ ಸಲಕ್ಕೆ ಕೈ ಹೋಗಿತ್ತು. ಹಿಂದಕ್ಕೆಳೆದುಕೊಂಡಳು.

ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಹತ್ತರ ಒಂದು ಪಾಲಿನ ಒಂದು ಬಾಟಲಿಗೆ ಬೂಷ್ಟು ಹಿಡಿದು ಕೆಟ್ಟುಹೋಯಿತು. ಎಂಟು ಉಳಿದವು. ಮೂರನೆಯ ವಾರ ಅರ್ಧ ಪಾಲಿನವು ಮತ್ತೆ ಬೇರು ಬಿಟ್ಟವು. ಅಕ್ಕ ದಿನಾ ಊಟದ ಹೊತ್ತಿಗೆ ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋಗಿ ನೋಡಿ ಬರುವಳು. ಕತ್ತರಿಸುವ ಮೇಜಿನವರು ಮುಸಿಮುಸಿ ನಗುತ್ತಿದ್ದರು.

“ಏನಕ್ಕ, ಆಸ್ಪತ್ರೆಗೆ ಹೋಗ್ಬಂದ್ರಾ? ಪೇಷಂಟು ಹೇಗಿದಾರೆ?”

“ಗಂಟು ಮುಖ ಹಾಕ್ಕೊಂಡು ಕೂತಿದಾರೆ,” ಎನ್ನುವಳು.

ನಾದಿನಿ ಕೆಲಸಕ್ಕೆ ಬಂದಳು. ಮಾತಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಬೇರೆ ಮೂಲೆಯಲ್ಲಿ ಕೂರುತ್ತಿದ್ದಳು. ಗಂಡನ ಕಡೆಯಿಂದ ಉಳಿದ ಒಂದೇ ಸಂಬಂಧ ಅದು. ಅಕ್ಕ ತನ್ನ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದಳು. ಗಿಡ ಏಳದಿದ್ದರೆ ತಾನು ಸುಮ್ಮಸುಮ್ಮನೆ ಅವನ ಮಾನ ಕಳೆದ ಹಾಗಾಯಿತು. ಹೂವೂ ಇಲ್ಲ, ಅವನ ಹೆಸರೂ ಇಲ್ಲ.

ಐದನೆಯ ವಾರ, ಮಂಗಳವಾರ. ಅಕ್ಕ ಸೋಪಿನ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿದ್ದಾಗ ಡಿಗ್ರಿ ಓಡಿ ಬಂದಳು. ಆ ಕಾರಿಡಾರಿನಲ್ಲಿ ಓಡಬಾರದು ಎಂದು ಬೋರ್ಡೇ ಇತ್ತು.

“ಅಕ್ಕ, ಬನ್ನಿ.”

“ಸತ್ತಿತಾ?”

“ಬನ್ನಿ ಅಂದ್ರೆ!”

ಹತ್ತರ ಒಂದು ಪಾಲಿನ ಬಾಟಲಿ. ಹಳದಿ ಗಂಟಿನ ಮಗ್ಗುಲಲ್ಲಿ ಸೂಜಿ ಮೊನೆಯಷ್ಟು ಹಸಿರು. ಅಕ್ಕ ಕನ್ನಡಕ ತರಲಿಲ್ಲ ಎಂದು ಬಾಟಲಿಯನ್ನು ಮೂಗಿನ ತುದಿಗೆ ಹಿಡಿದಳು. ಒಂದಲ್ಲ, ಮೂರು. ಇನ್ನೊಂದು ಬಾಟಲಿಯಲ್ಲಿ ಐದು. ಕಾಲು ಪಾಲಿನದರಲ್ಲಿ ಒಂದು, ಅದೂ ಅನುಮಾನ. ಅರ್ಧದವುಗಳಲ್ಲಿ ಬರೀ ಬೇರು.

ಅನುಮಾನದ್ದು ಬಿಟ್ಟರೂ ಎಂಟು ಹಸಿರು ಚುಕ್ಕೆ. ಅಕ್ಕ ಬಾಟಲಿಯನ್ನು ಕಪಾಟಿನಲ್ಲಿಟ್ಟಳು. ಆಮೇಲೆ ಗೋಡೆಗೆ ಒರಗಿ ನಿಂತಳು. ಎಷ್ಟೋ ತಿಂಗಳಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಹೊರಗೆ ಬಂತು. ಸದ್ದಾಯಿತು. ಡಿಗ್ರಿ ಹೆದರಿ ಅವಳ ಕೈ ಹಿಡಿದುಕೊಂಡಳು.

“ಏನಾಯ್ತಕ್ಕ?”

“ಏನೂ ಆಗಿಲ್ಲ. ಬಿಡು ಕೈಯ, ಸೋಪಾಗುತ್ತೆ.”

ಸುದ್ದಿ ಕೇಳಿ ದೊಡ್ಡ ಮೇಡಂ ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಅಂದ್ರೆ ಆರು ವರ್ಷ ಕೆಂಡದ ಪಾಕಕ್ಕೆ ನನ್ನ ಕಿಟಕಿಯ ಬಿಸಿಲೂ ಒಂದು ಸಾಮಾನು ಅನ್ನು,” ಎಂದರು. ನಗಬೇಕೋ ಬೈಯಬೇಕೋ ಅವರಿಗೆ ತಿಳಿಯಲಿಲ್ಲ. ಅಕ್ಕನ ಕಡೆ ತಿರುಗಿದರು. “ಬಾಟಲಿ ವಿಷಯ ನಾನು ಕೇಳಬಾರದಿತ್ತು. ತಪ್ಪಾಯ್ತು.”

“ಕೇಳಬೇಕಾದ್ದೇ ಮೇಡಂ. ನಾನೂ ಬೇಗ ಹೇಳಬೇಕಿತ್ತು. ಐವತ್ತೊಂದು ಹೋಯ್ತು.”

“ಹೋಯ್ತು,” ಎಂದರು ಮೇಡಂ. ಇಲ್ಲ ಎನ್ನಲಿಲ್ಲ. ಅದು ಅಕ್ಕನಿಗೆ ಒಳ್ಳೆಯದೇ ಅನ್ನಿಸಿತು.

ಡಿಗ್ರಿ ನೋಟುಬುಕ್ಕು ತೆರೆದು ಕೆಂಡದ ಪುಟದಲ್ಲಿ ಪೆನ್ನು ಹಿಡಿದು ಕೂತಳು. ನಾದಿನಿ ಯಾವಾಗ ಒಳಗೆ ಬಂದಳೋ.

“ಅಣ್ಣ ಬರ್ದಿದ್ದನ್ನ ಹೊಡೆದುಹಾಕ್ತೀಯಾ?”

“ಇಲ್ಲಪ್ಪ. ಹೊಡೆದುಹಾಕಿದ್ರೆ ಅವರು ಇದನ್ನ ಹೇಗೆ ಎಬ್ಬಿಸಿದ್ರು ಅಂತ ಯಾರಿಗೆ ಗೊತ್ತಾಗುತ್ತೆ? ಕೆಳಗೆ ಬರೀತೀನಿ. ಹಳೆ ನೀರಾದ್ರೆ ಎರಡು, ಹೊಸದಾದ್ರೆ ಅದರ ಹತ್ತರಲ್ಲಿ ಒಂದು. ಎರಡೂ ಸರಿ.”

ನಾದಿನಿ ಓದಿ ನೋಡಿದಳು. ಎರಡು ಸಲ ಓದಿದಳು. ಆಮೇಲೆ ಹೋಗಿ ಬಾಟಲಿ ನೋಡಿದಳು. ಅಲ್ಲಿಂದ ಸೀದಾ ತೊಳೆಯುವ ತೊಟ್ಟಿಯ ಹತ್ತಿರ ಬಂದು ಮಗುಚಿದ ಟ್ರೇ ಮೇಲೆ ಕೂತಳು.

“ಕಣ್ಣು ಅಷ್ಟೊಂದು ಮಂಜಾಗಿತ್ತಾ ಅಣ್ಣಂಗೆ?”

“ಅನ್ನದಲ್ಲಿ ಕಲ್ಲು ಕಾಣ್ತಿರಲಿಲ್ಲ. ಕಡಿದ ಮೇಲೆ ಗೊತ್ತಾಗ್ತಿತ್ತು.”

“ನಂಗೊಂದು ಮಾತು ಹೇಳ್ಲಿಲ್ಲ.”

“ನಿಂಗೆ ಹೇಳಿದ್ರೆ ಊರಿಗೇ ಹೇಳ್ದಂಗೆ ಅಂತಿದ್ರು.”

ನಾದಿನಿ ಸಿಟ್ಟಾಗಲು ನೋಡಿದಳು. ಆಗಲಿಲ್ಲ. ಇಬ್ಬರಿಗೂ ನಗು ಬಂತು, ನಗುತ್ತ ನಗುತ್ತ ನಾದಿನಿ ಅತ್ತಳು. ಅಕ್ಕ ಅಳಲಿಲ್ಲ. ಅವಳು ಒಂದು ಬಾಟಲಿ ತೊಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಸೋಪಲ್ಲ ಕಣೇ,” ಎಂದಳು.

“ಸೋಪಲ್ಲ ಅಂತ ನಾನು ಮೊದಲೇ ಹೇಳಿದ್ನಲ್ಲ ಅತ್ತಿಗೆ.”

“ನೀನೆಲ್ಲಿ ಹೇಳ್ದೆ? ಸೋಪು ಅಂತ ಮೊದಲು ಶುರು ಮಾಡಿದೋಳೇ ನೀನು.”

“ಹೌದಾ?” ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಾಗಾದ್ರೆ ಅದನ್ನ ಮರೆತ್ಬಿಡಿ.”

ಅವತ್ತು ಸಂಜೆ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತವಳಿಗೆ ಕಣ್ಣು ಹತ್ತಿತು. ಗಂಡ ಹೋದ ಮೇಲೆ ಅಷ್ಟು ಗಾಢವಾಗಿ ನಿದ್ದೆ ಮಾಡಿರಲಿಲ್ಲ. ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದಾಗ ಅವಳ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಬಂದಿತ್ತು. “ಏನಮ್ಮ, ಮನೆಗೆ ಹೋಗೋದು ಬೇಡ್ವಾ?” ಎಂದ. ಬೇಕಪ್ಪ ಎಂದು ಇಳಿದಳು. ಇನ್ನೂ ಬೆಳಕಿತ್ತು. ಅವಸರವಿಲ್ಲದೆ ನಡೆದುಕೊಂಡು ಮನೆಗೆ ಹೋದಳು.